ಪರದೇಶದಲ್ಲಿ ಕೆಲಸ

ಕೋಶ ಓದು, ದೇಶ ಸುತ್ತು ಎಂದರು ನಮ್ಮ ಹಿರಿಯರು. ದೇಶ ಸುತ್ತುವವನಿಗೆ ದಾರಿಯ ಖರ್ಚಿದ್ದರೆ ಸಾಕು. ‘ನಿನಗೆ ಏನು ಬರುತ್ತದೆ?’ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಆದರೆ ಪರದೇಶಕ್ಕೆ ಕೆಲಸ ಹುಡುಕಿಕೊಂಡು ಹೋದವನಿಗೆ ಮೊಟ್ಟಮೊದಲು ಎದುರಾಗುವುದು ಇದೇ ಪ್ರಶ್ನೆ. ತನಗೆ ಬಹಳ ಬರುತ್ತದೆ ಎಂಬುದು ಅವನಿಗೆ ಗೊತ್ತು. ಅವನ ಅಪ್ಪ ಅಮ್ಮಂದಿರಿಗೂ ಗೊತ್ತು. ಅವನು ಓದಿದ ಕಾಲೇಜಿನವರಿಗೂ ಗೊತ್ತು. ಕೆಲಸ ಕೊಡಬೇಕಾದವನಿಗೆ ಮಾತ್ರ ಗೊತ್ತಿಲ್ಲ. ಅವನಿಗೆ ಅದನ್ನು ಗೊತ್ತುಮಾಡುವ ಬಗೆ ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಇದು ಕೆಲವೇ ಜನಕ್ಕೆ ಸೇರಿದ ವಿಷಯವೆಂದು ಯಾರೂ ತಿಳಿಯಬಾರದು. ನಮ್ಮ ಊರುಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ಇಲ್ಲದ ಬೀದಿ ಈಗ ಅಪರೂಪ. ಹೋಗುವವರು ಒಬ್ಬರಾದರೂ ಹೊರಡುವುದು ಇಡೀ ಸಂಸಾರದ ಕೆಲಸ. ನಿವೇಶನದ ಕಾಗದ ಬ್ಯಾಂಕಿಗೆ ಹೋಗುತ್ತದೆ, ತಾಯಿಯ ಬಳೆ ಪೆಟ್ಟಿಗೆಯಿಂದ ಈಚೆಗೆ ಬರುತ್ತದೆ. ಆದುದರಿಂದ ಹೋಗುವವರು ತಿಳಿದಿರಬೇಕಾದುದನ್ನು ಕಳಿಸುವವರೂ ತಿಳಿದಿರುವುದು ಒಳ್ಳೆಯದು.

ಎಲ್ಲ ದೇಶಗಳ ಮಾತನ್ನೂ ಒಂದೇ ಉಸುರಿನಲ್ಲಿ ಆಡಿದರೆ ಯಾವುದೂ ತಿಳಿಯದೆ ಹೋದೀತು. ಒಂದು ದೇಶವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ: ಜರ್ಮನಿ. ಕಾರಣವುಂಟು. ೨೦೨೪ರ ಅಕ್ಟೋಬರಿನಲ್ಲಿ ಜರ್ಮನ್ ಸರ್ಕಾರ, ಕುಶಲ ಕೆಲಸಗಾರರೆಂದು ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು ೨೦,೦೦೦ದಿಂದ ೯೦,೦೦೦ಕ್ಕೆ ಏರಿಸುವುದಾಗಿ ಸಾರಿತು. ಅದನ್ನು ಓದಿದ ಅನೇಕರು ‘ಬಾಗಿಲು ತೆರೆಯಿತು, ಇನ್ನು ಹೊರಡುವುದೊಂದೇ ಬಾಕಿ’ ಎಂದುಕೊಂಡರು. ಬಾಗಿಲು ತೆರೆದುದು ನಿಜ. ಆದರೆ ಹೆಬ್ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಎಲೆ ಹಾಕಿರುತ್ತಾರೆಯೇ?

ಹಿಂದಿನ ಒಂದೆರಡು ಸಂಗತಿಗಳನ್ನು ನೋಡಿದರೆ ಇದು ತಿಳಿಯುತ್ತದೆ. ೧೯೬೦ರ ದಶಕದಲ್ಲಿ ನಮ್ಮ ನೆರೆಯ ಕೇರಳದಿಂದ ಎಷ್ಟೋ ಹೆಣ್ಣುಮಕ್ಕಳು ಜರ್ಮನಿಯ ಆಸ್ಪತ್ರೆಗಳಿಗೆ ದಾದಿಯರಾಗಿ ಹೋದರು. ಕ್ರೈಸ್ತ ಮಠಸಂಸ್ಥೆಗಳು ಅವರನ್ನು ಕರೆದೊಯ್ದು, ಇರಲು ಮನೆ ಕೊಟ್ಟು, ಭಾಷೆ ಕಲಿಸಿ, ಕೆಲಸಕ್ಕೆ ಹಚ್ಚಿದವು. ನಡುವೆ ನಿಂತು ‘ಇವರಿಗೆ ನಾವು ಹೊಣೆ’ ಎನ್ನುವವರು ಇದ್ದರು. ಇನ್ನೊಂದು ಸಂಗತಿ ೨೦೦೦ನೆಯ ಇಸವಿಯದು. ಕಂಪ್ಯೂಟರ್ ತಜ್ಞರು ಬೇಕೆಂದು ಜರ್ಮನಿ ‘ಗ್ರೀನ್ ಕಾರ್ಡ್’ ಎಂಬ ಯೋಜನೆಯನ್ನು ಹೂಡಿತು. ೨೦,೦೦೦ ಜನಕ್ಕೆ ಅವಕಾಶವಿತ್ತು, ಐದು ವರ್ಷದ ಅನುಮತಿ. ಯೋಜನೆ ಮುಗಿದಾಗಲೂ ಆ ಸಂಖ್ಯೆ ಪೂರ್ತಿ ತುಂಬಿರಲಿಲ್ಲ. ಐದು ವರ್ಷದ ಮೇಲೆ ಏನು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಭಾಷೆಯ ತೊಡಕಂತೂ ಇದ್ದೇ ಇತ್ತು. ಸರ್ಕಾರ ಕರೆದರೂ ಜನ ಬರಲಿಲ್ಲ. ಬೇರೆ ಕಾಲಗಳಲ್ಲಿ ಜನ ಬಂದು ಕಾದರೂ ಕೆಲಸ ಸಿಗಲಿಲ್ಲ. ಅನುಮತಿ ಎಂಬುದು ಬೇರೆ, ಕೆಲಸ ಎಂಬುದು ಬೇರೆ.

ಜರ್ಮನಿಗೆ ಈಗ ಜನ ಬೇಕಾಗಿರುವುದೇನೋ ದಿಟ. ಎರಡನೆಯ ಮಹಾಯುದ್ಧದ ಮೇಲೆ, ಐವತ್ತು ಅರವತ್ತರ ದಶಕಗಳಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ಕೆಲಸದಿಂದ ನಿವೃತ್ತವಾಗುತ್ತಿದೆ. ಅವರ ಜಾಗಕ್ಕೆ ಬರುವ ಮಕ್ಕಳು ಕಡಿಮೆ. ಮುದುಕರು ಹೆಚ್ಚಿದಷ್ಟೂ ದಾದಿಯರು ಬೇಕು. ಆದರೆ ಈ ಕೊರತೆ ಎಲ್ಲ ವೃತ್ತಿಗಳಲ್ಲಿಯೂ ಒಂದೇ ಸಮನಾಗಿಲ್ಲ. ೨೦೨೩ ಮತ್ತು ೨೦೨೪ರಲ್ಲಿ ಆ ದೇಶದ ಒಟ್ಟು ಉತ್ಪನ್ನ ಬೆಳೆಯುವುದಿರಲಿ, ಕುಗ್ಗಿತು. ೨೦೨೪ರ ಡಿಸೆಂಬರಿನಲ್ಲಿ ಫೋಕ್ಸ್‌ವಾಗನ್ ಕಂಪೆನಿ ೨೦೩೦ರೊಳಗೆ ೩೫,೦೦೦ಕ್ಕೂ ಮೇಲ್ಪಟ್ಟು ಹುದ್ದೆಗಳನ್ನು ಇಳಿಸುವ ಒಪ್ಪಂದವನ್ನು ಕಾರ್ಮಿಕರೊಡನೆ ಮಾಡಿಕೊಂಡಿತು. ಹೀಗಿರುವಾಗ ಮೋಟಾರು ಇಂಜಿನಿಯರಾಗಿ ಹೊರಡುವ ನಮ್ಮ ಹುಡುಗ, ಅಲ್ಲಿಯೇ ಹುಟ್ಟಿ, ಅಲ್ಲಿಯೇ ಓದಿ, ಇಪ್ಪತ್ತು ವರ್ಷ ಕೆಲಸ ಮಾಡಿದವರ ಜೊತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕೊರತೆ ಇರುವುದು ದೇಶಕ್ಕೆ. ಕೆಲಸ ಕೊಡುವವನು ಒಬ್ಬ ಮಾಲೀಕ. ದೇಶದ ಲೆಕ್ಕ ನೋಡಿ ಆತ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ತನ್ನ ಕಾರ್ಖಾನೆಯ ಲೆಕ್ಕ ನೋಡುತ್ತಾನೆ.

ಈಗ ಕಾನೂನಿನ ಮಾತು. ಸಂಕ್ಷೇಪವಾಗಿ ಹೇಳುವುದಾದರೆ ಮುಖ್ಯವಾದ ದಾರಿಗಳು ಎರಡು. ಒಂದು, ಇಲ್ಲಿರುವಾಗಲೇ ಕೆಲಸ ಗೊತ್ತುಮಾಡಿಕೊಂಡು ಹೋಗುವುದು. ಪದವೀಧರರಿಗೆ ಇದಕ್ಕಾಗಿ ‘ಬ್ಲೂ ಕಾರ್ಡ್’ ಎಂಬ ಅನುಮತಿ ಉಂಟು. ಸಂಬಳ ಇಷ್ಟಕ್ಕೆ ಕಡಿಮೆ ಇರಕೂಡದೆಂಬ ನಿಯಮವಿದೆ: ೨೦೨೫ರಲ್ಲಿ ಅದು ವರ್ಷಕ್ಕೆ ೪೮,೩೦೦ ಯೂರೋ; ಕೊರತೆಯಿರುವ ವೃತ್ತಿಗಳಿಗೂ ಹೊಸದಾಗಿ ಪದವಿ ಪಡೆದವರಿಗೂ ಸುಮಾರು ೪೩,೭೬೦. ಈ ಮಿತಿ ವರ್ಷವರ್ಷವೂ ಬದಲಾಗುವುದರಿಂದ ಹೊರಡುವ ವರ್ಷದ ಲೆಕ್ಕವನ್ನೇ ನೋಡಿಕೊಳ್ಳಬೇಕು. ಇನ್ನೊಂದು ದಾರಿ, ಅಲ್ಲಿಗೇ ಹೋಗಿ ಹುಡುಕುವುದು. ೨೦೨೪ರ ಜೂನ್ ೧ರಿಂದ ಇದಕ್ಕೆ ‘ಅವಕಾಶದ ಕಾರ್ಡು’ ಎಂಬುದನ್ನು ಕೊಡುತ್ತಿದ್ದಾರೆ. ಪದವಿಯೋ, ಎರಡು ವರ್ಷದ ವೃತ್ತಿಶಿಕ್ಷಣವೋ ಇದ್ದು, ಅಷ್ಟಿಷ್ಟು ಜರ್ಮನ್ ಅಥವಾ ಚೆನ್ನಾಗಿ ಇಂಗ್ಲಿಷ್ ಬಲ್ಲವರಿಗೆ ಅಂಕ ಹಾಕುತ್ತಾರೆ. ೩೫ ವರ್ಷದೊಳಗಿನವರಿಗೆ ಎರಡು, ಐದು ವರ್ಷದ ಅನುಭವಕ್ಕೆ ಮೂರು, ಒಳ್ಳೆಯ ಜರ್ಮನ್ ಭಾಷೆಗೆ ಮೂರು, ಹೀಗೆ. ಒಟ್ಟು ಆರು ಅಂಕ ಬಂದರೆ ಅಲ್ಲಿ ಒಂದು ವರ್ಷದವರೆಗೆ ಇದ್ದು ಕೆಲಸ ಹುಡುಕಬಹುದು. ವಾರಕ್ಕೆ ೨೦ ಗಂಟೆ ಬೇರೆ ಕೆಲಸ ಮಾಡಬಹುದು. ಒಬ್ಬ ಮಾಲೀಕನಲ್ಲಿ ಎರಡು ವಾರದ ತನಕ ಕೆಲಸ ಮಾಡಿ ತೋರಿಸಲೂಬಹುದು.

ಈ ಎರಡನೆಯ ದಾರಿ ನೋಡಲು ಸುಲಭ, ನಡೆಯಲು ಕಷ್ಟ. ಕೈಯಲ್ಲಿ ಜೀವನಕ್ಕೆ ಸಾಕಾಗುವಷ್ಟು ಹಣವಿದೆಯೆಂದು ಮೊದಲೇ ತೋರಿಸಬೇಕು. ೨೦೨೫ರ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು ೧೩,೦೦೦ ಯೂರೋ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆಯ ಅರ್ಥ ಅಲ್ಲಿನ ಒಂದು ಬಾಡಿಗೆ ಕೋಣೆಯಲ್ಲಿ ಮೂರು ತಿಂಗಳು ಕಳೆಯುವುದರೊಳಗೆ ಚೆನ್ನಾಗಿ ಆಗುತ್ತದೆ. ಕಳೆಯುವ ಪ್ರತಿಯೊಂದು ತಿಂಗಳೂ ಹಣದಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ, ಧೈರ್ಯದಲ್ಲಿಯೂ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ. ಆದುದರಿಂದ, ಊರಿನಲ್ಲಿ ಕೆಲಸವಿರುವವರು ಅದನ್ನು ಬಿಡದೆ, ಸಂಜೆಯ ಹೊತ್ತಿನಲ್ಲಿ ಅರ್ಜಿ ಬರೆಯುತ್ತ, ಭಾಷೆ ಕಲಿಯುತ್ತ, ಮೊದಲನೆಯ ದಾರಿಯನ್ನೇ ಹಿಡಿಯುವುದು ಮೇಲು.

ಕಾನೂನು ಒಪ್ಪಿದ ಮೇಲೆ ನಮ್ಮ ಪದವಿಯ ಪ್ರಶ್ನೆ. ನಮ್ಮ ರೂಪಾಯಿಯನ್ನು ಅಲ್ಲಿನ ಅಂಗಡಿಯಲ್ಲಿ ಕೊಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ. ಅದು ಖೋಟಾ ನಾಣ್ಯವೆಂದಲ್ಲ; ಅದರ ಬೆಲೆ ಆ ಅಂಗಡಿಯವನಿಗೆ ತಿಳಿಯದು. ಪದವಿಯ ಕಥೆಯೂ ಹಾಗೆಯೇ. ಅದನ್ನು ಅಲ್ಲಿನ ನಾಣ್ಯಕ್ಕೆ ಬದಲಾಯಿಸಿಕೊಳ್ಳಬೇಕು. ಹೊರದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಯಾವುದಕ್ಕೆ ಮನ್ನಣೆ, ಯಾವ ಪದವಿ ಯಾವುದಕ್ಕೆ ಸಮ ಎಂಬುದನ್ನು ಜರ್ಮನರು ‘ಅನಾಬಿನ್’ ಎಂಬ ಒಂದು ದೊಡ್ಡ ಪಟ್ಟಿಯಲ್ಲಿ ಇಟ್ಟಿದ್ದಾರೆ. ನಾವು ಓದಿದ ಸಂಸ್ಥೆಯೂ ಪದವಿಯೂ ಅದರಲ್ಲಿ ಹೇಗೆ ನಮೂದಾಗಿವೆ ಎಂಬುದನ್ನು ಮನೆಯಲ್ಲಿಯೇ ಕುಳಿತು, ಕಾಸು ಖರ್ಚಿಲ್ಲದೆ ನೋಡಬಹುದು. ಸಾಲ ಮಾಡುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಇದು.

ಇಲ್ಲಿ ವೃತ್ತಿ ವೃತ್ತಿಗೂ ಭೇದವುಂಟು. ಇಂಜಿನಿಯರ ಕೆಲಸವನ್ನು ಮಾಡಲು ಸಾಮಾನ್ಯವಾಗಿ ಯಾವ ಮಂಡಳಿಯ ಅಪ್ಪಣೆಯೂ ಬೇಡ. ‘ಇಂಜಿನಿಯರ್’ ಎಂಬ ಬಿರುದನ್ನು ಹೆಸರಿಗೆ ಹಚ್ಚಿಕೊಳ್ಳಬೇಕಾದರೆ ಮಾತ್ರ ಬೇಕು. ವೈದ್ಯರಿಗೂ ದಾದಿಯರಿಗೂ ಹಾಗಲ್ಲ. ಜೀವದ ಜೊತೆ ವ್ಯವಹರಿಸುವ ವೃತ್ತಿಗಳಾದುದರಿಂದ ಸರ್ಕಾರದ ಲೈಸೆನ್ಸು ಆಗಲೇಬೇಕು. ನಮ್ಮಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ, ನಾಲ್ಕಾರು ವರ್ಷ ತೀವ್ರನಿಗಾ ಘಟಕದಲ್ಲಿ ದುಡಿದ ಹೆಣ್ಣುಮಗಳು ಕೂಡ, ಅಲ್ಲಿನ ಪಾಠಕ್ರಮಕ್ಕೂ ನಮ್ಮದಕ್ಕೂ ವ್ಯತ್ಯಾಸವಿದೆಯೆಂದು ಕಂಡುಬಂದರೆ, ಕೆಲವು ತಿಂಗಳ ಹೊಂದಾಣಿಕೆಯ ತರಬೇತಿಯನ್ನು ಮುಗಿಸಬೇಕು, ಇಲ್ಲವೆ ಪರೀಕ್ಷೆಗೆ ಕೂರಬೇಕು. ಅಲ್ಲಿಯವರೆಗೆ ಅವಳು ಸಹಾಯಕಿ ಮಾತ್ರ, ಸಂಬಳವೂ ಸಹಾಯಕಿಯದು. ಇದು ಮೊದಲೇ ತಿಳಿದಿದ್ದವರಿಗೆ ನಾಲ್ಕು ದಿನದ ಮೆಟ್ಟಿಲು. ತಿಳಿಯದೆ ಹೋದವರಿಗೆ ಅವಮಾನ. ಎಷ್ಟೋ ಕಣ್ಣೀರು ಈ ಒಂದು ಸಂಗತಿಯನ್ನು ಯಾರೂ ಹೇಳದೆ ಹೋದುದರಿಂದ ಹರಿದಿದೆ.

ಮುಂದಿನದು ಭಾಷೆ. ‘ಕಂಪೆನಿಯಲ್ಲಿ ಎಲ್ಲರೂ ಇಂಗ್ಲಿಷೇ ಮಾತನಾಡುತ್ತಾರೆ’ ಎಂಬ ಮಾತನ್ನು ನೀವು ಕೇಳಿರಬಹುದು. ಬರ್ಲಿನ್ನಿನ ಕೆಲವು ಕಂಪ್ಯೂಟರ್ ಕಚೇರಿಗಳ ಮಟ್ಟಿಗೆ ಅದು ನಿಜ. ಆದರೆ ಆ ಬಾಗಿಲಲ್ಲಿಯೇ ನೂಕುನುಗ್ಗಲು ಹೆಚ್ಚು. ಲೋಕದ ನಾನಾ ಕಡೆಯ ಇಂಗ್ಲಿಷ್ ಬಲ್ಲವರೆಲ್ಲ ಅಲ್ಲಿಗೇ ಅರ್ಜಿ ಹಾಕುತ್ತಾರೆ. ಜರ್ಮನ್ ಕಲಿತವನಿಗೆ ಬೇರೆಯ ಬಾಗಿಲುಗಳು ಕಾಣಿಸುತ್ತವೆ. ಯೂರೋಪಿನವರು ಭಾಷಾಜ್ಞಾನವನ್ನು ಎ-೧ರಿಂದ ಸಿ-೨ರ ತನಕ ಆರು ಮೆಟ್ಟಿಲಾಗಿ ಎಣಿಸುತ್ತಾರೆ. ದಾದಿಯ ಲೈಸೆನ್ಸಿಗೆ ಬಹುಪಾಲು ನಾಲ್ಕನೆಯ ಮೆಟ್ಟಿಲಾದ ಬಿ-೨ ಬೇಕು. ವೈದ್ಯರಿಗೆ ಐದನೆಯ ಮೆಟ್ಟಿಲಿನ ಮಟ್ಟದ ವೈದ್ಯಕೀಯ ಭಾಷಾಪರೀಕ್ಷೆಯೇ ಉಂಟು. ಇದೇನು ದರ್ಪ ಎನ್ನಬೇಡಿ. ನಮ್ಮ ಅಜ್ಜಿಯರನ್ನು ನೆನೆಸಿಕೊಳ್ಳಿ. ‘ಹೊಟ್ಟೆ ಕಿವುಚಿದ ಹಾಗಾಗುತ್ತದೆ’, ‘ಎದೆ ಹಿಂಡುತ್ತದೆ’, ‘ಕಾಲು ಜೋಮು ಹಿಡಿದಿದೆ’, ‘ಕಣ್ಣಿಗೆ ಕತ್ತಲೆ ಕವಿಯಿತು’ ಎಂದು ಅವರು ಹೇಳುವ ಮಾತುಗಳು ಯಾವ ವೈದ್ಯಶಾಸ್ತ್ರದ ಪುಸ್ತಕದಲ್ಲಿವೆ? ಅವು ತಿಳಿಯದ ದಾದಿಗೆ ಅಜ್ಜಿಯ ನೋವೂ ತಿಳಿಯುವುದಿಲ್ಲ. ಜರ್ಮನಿಯ ಅಜ್ಜಿಯರೂ ಅಜ್ಜಿಯರೇ.

ಕಾನೂನು ಕೂಡ ಭಾಷೆಗೆ ಬೆಲೆ ಕಟ್ಟಿದೆ. ಬ್ಲೂ ಕಾರ್ಡಿನವರಿಗೆ ಖಾಯಂ ವಾಸದ ಹಕ್ಕು, ಮೊದಲ ಮೆಟ್ಟಿಲಿನಷ್ಟು ಜರ್ಮನ್ ಬಂದರೆ ೨೭ ತಿಂಗಳಿಗೆ, ಮೂರನೆಯ ಮೆಟ್ಟಿಲಿನಷ್ಟು ಬಂದರೆ ೨೧ ತಿಂಗಳಿಗೆ ದೊರೆಯಬಹುದು. ಬೆಂಗಳೂರಿನ ಮ್ಯಾಕ್ಸ್‌ಮ್ಯೂಲರ್ ಭವನದಲ್ಲಿ ಈ ಭಾಷೆಯನ್ನು ಕ್ರಮವಾಗಿ ಕಲಿಸಿ ಪರೀಕ್ಷೆ ಮಾಡುತ್ತಾರೆ. ಕಲಿಯಲು ವರ್ಷ ಒಂದೂವರೆ ವರ್ಷ ಹಿಡಿದೀತು. ಆ ವರ್ಷವನ್ನು ದಂಡವೆಂದು ತಿಳಿಯಬಾರದು. ಕನ್ನಡಿಗರಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಯೂ ಇಲ್ಲ. ಜರ್ಮನಿಯಿಂದ ೧೮೫೩ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಬಂದುದು ಮತಪ್ರಚಾರಕ್ಕೆ. ಆದರೆ ಅವರ ಹೆಸರು ಇಂದಿಗೂ ನಮ್ಮ ಮನೆಗಳಲ್ಲಿ ನಿಂತಿರುವುದು, ಕನ್ನಡವನ್ನು ಕಲಿತು ೧೮೯೪ರಲ್ಲಿ ಮಂಗಳೂರಿನಿಂದ ಹೊರಟ ಆ ನಿಘಂಟನ್ನು ಕಟ್ಟಿದುದಕ್ಕೆ. ಪರಕೀಯನನ್ನು ಊರು ತನ್ನವನೆನ್ನುವುದು ಅವನು ಊರಿನ ಮಾತನ್ನು ಆಡಿದಾಗ.

ಇಷ್ಟೆಲ್ಲ ಆದಮೇಲೆ ಅರ್ಜಿ. ನಮ್ಮಲ್ಲಿ ಅರ್ಜಿ ಎಂದರೆ ತಂದೆಯ ಹೆಸರಿನಿಂದ ಮೊದಲುಮಾಡಿ, ‘ಕಷ್ಟಪಟ್ಟು ದುಡಿಯುವವನು, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವವನು’ ಎಂಬ ಗುಣವಿಶೇಷಣಗಳ ಮಾಲೆ. ಅವರಿಗೆ ಈ ಮಾಲೆ ಬೇಡ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಲ್ಲಿ ಇದ್ದಿರಿ, ಯಾವ ಯಂತ್ರವನ್ನು ನಡೆಸಿದಿರಿ, ನಿಮ್ಮ ಕೈಕೆಳಗೆ ಎಷ್ಟು ಜನ, ನೀವು ಮಾಡಿದುದರಿಂದ ಏನು ಉಳಿಯಿತು ಅಥವಾ ಏನು ಬೆಳೆಯಿತು? ಇಷ್ಟು ಬೇಕು. ನಡುವೆ ಆರು ತಿಂಗಳು ಖಾಲಿ ಬಿಟ್ಟಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ತಾಯಿಯ ಕಾಯಿಲೆಗೆ ಮನೆಯಲ್ಲಿದ್ದೆ ಎಂದು ಬರೆದರೆ ತಪ್ಪಿಲ್ಲ. ಬರೆಯದೆ ಬಿಟ್ಟರೆ ಸಂಶಯ.

ಇನ್ನು ಅನುಭವಪತ್ರ. ಜರ್ಮನಿಯಲ್ಲಿ ಕೆಲಸ ಬಿಡುವ ಪ್ರತಿಯೊಬ್ಬನಿಗೂ ಮಾಲೀಕನಿಂದ ಬರವಣಿಗೆಯ ಪತ್ರ ಪಡೆಯುವ ಕಾನೂನುಬದ್ಧವಾದ ಹಕ್ಕುಂಟು. ಆ ಪತ್ರ ಕೆಲಸಗಾರನ ಮುಂದಿನ ಬಾಳಿಗೆ ಅಡ್ಡಿಯಾಗುವಂತೆ ಇರಕೂಡದು. ಆದರೆ ಸುಳ್ಳೂ ಇರಕೂಡದು. ಈ ಇಕ್ಕಟ್ಟಿನಿಂದ ಒಂದು ವಿಚಿತ್ರವಾದ ಗುಟ್ಟಿನ ಭಾಷೆ ಬೆಳೆದಿದೆ. ‘ನಮಗೆ ತೃಪ್ತಿಯಾಗುವಂತೆ ಕೆಲಸ ಮಾಡಿದರು’ ಎಂದು ಬರೆದಿದ್ದರೆ ನಾವು ಹಿಗ್ಗುತ್ತೇವೆ. ಬಲ್ಲವರು ಓದಿದರೆ ಅದರ ಅರ್ಥ, ಹೇಗೋ ದಿನ ದೂಡಿದರು ಎಂದು! ‘ಯಾವಾಗಲೂ ನಮಗೆ ಸಂಪೂರ್ಣಾತಿಸಂಪೂರ್ಣ ತೃಪ್ತಿಯಾಗುವಂತೆ’ ಎಂದಿದ್ದರೆ ಮಾತ್ರ ಮೊದಲ ದರ್ಜೆ. ಇಂಥ ಪತ್ರಗಳನ್ನು ಓದಿ ಓದಿ ಪಳಗಿದ ಅಧಿಕಾರಿಯ ಮುಂದೆ, ‘ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿ ಇದ್ದರು, ನಡತೆ ತೃಪ್ತಿಕರ’ ಎಂಬ ನಮ್ಮ ಎರಡು ಸಾಲಿನ ಕಾಗದ ಹೋದರೆ ಏನಾದೀತು, ಯೋಚಿಸಿ. ಬರೆದವರದು ಒಳ್ಳೆಯ ಮನಸ್ಸೇ, ಆದರೆ ಅದು ಅಲ್ಲಿ ಓದಿಸಿಕೊಳ್ಳುವ ರೀತಿ ಬೇರೆ. ಆದಕಾರಣ ಇಲ್ಲಿನ ಕೆಲಸ ಬಿಡುವಾಗ ಮೇಲಧಿಕಾರಿಗಳನ್ನು ವಿನಯದಿಂದ ಕೇಳಿ, ಯಾವ ಕೆಲಸ, ಎಷ್ಟು ಹೊಣೆ, ಫಲವೇನು ಎಂಬುದನ್ನೆಲ್ಲ ವಿವರಿಸಿದ ಒಂದು ಪುಟದ ಪತ್ರವನ್ನು ಬರೆಸಿಕೊಳ್ಳಬೇಕು. ಊರು ಬಿಟ್ಟ ಮೇಲೆ ಅದನ್ನು ತರಿಸುವುದು ಬಲು ಕಷ್ಟ.

ಎಲ್ಲಿ ಹುಡುಕಬೇಕು ಎಂಬುದೂ ಮುಖ್ಯವೇ. ದೊಡ್ಡ ಹೆಸರಿನ ಕಂಪೆನಿಗಳೇ ಎಲ್ಲರ ಕಣ್ಣಿಗೂ ಬೀಳುತ್ತವೆ. ಆಡುಗೋಡಿಯ ಮೈಕೋ ಕಾರ್ಖಾನೆಯನ್ನು ಕಂಡ ಬೆಂಗಳೂರಿನವರಿಗೆ ಅದರ ಮೂಲವಾದ ಸ್ಟುಟ್‌ಗಾರ್ಟಿನ ಬಾಷ್ ಕಂಪೆನಿ ಗೊತ್ತು. ಆದರೆ ಜರ್ಮನಿಯ ಕೈಗಾರಿಕೆಯ ಬಲ ಇರುವುದು ನಡುಗಾತ್ರದ ಸಾವಿರಾರು ಸಂಸ್ಥೆಗಳಲ್ಲಿ. ಸಣ್ಣ ಊರಿನಲ್ಲಿ, ಒಂದು ಕುಟುಂಬದ ಒಡೆತನದಲ್ಲಿ, ಒಂದು ಬಗೆಯ ಪಂಪನ್ನೋ ಅಳತೆಯ ಉಪಕರಣವನ್ನೋ ಮಾಡಿ ಲೋಕಕ್ಕೆಲ್ಲ ಮಾರುವಂಥವು. ಅವುಗಳ ಹೆಸರು ನಮ್ಮ ಹುಡುಗರಿಗೆ ತಿಳಿಯದು. ಆದುದರಿಂದ ಅಲ್ಲಿ ಸಾಲೂ ಚಿಕ್ಕದು. ಜರ್ಮನ್ ಸರ್ಕಾರದ ಉದ್ಯೋಗ ಇಲಾಖೆ ಖಾಲಿ ಹುದ್ದೆಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ.

ಹೀಗೆ ಅರ್ಜಿ ಹೋಯಿತು. ಈಗ ಮಾಲೀಕನ ಕುರ್ಚಿಯಲ್ಲಿ ಒಂದು ಗಳಿಗೆ ಕುಳಿತು ನೋಡೋಣ. ಮೇಜಿನ ಮೇಲೆ ಎರಡು ಅರ್ಜಿ, ಇಬ್ಬರೂ ಸಮ. ಒಬ್ಬ ಮುಂದಿನ ಒಂದನೆಯ ತಾರೀಖಿಗೆ ಬರಬಲ್ಲ. ಇನ್ನೊಬ್ಬನಿಗೆ ವೀಸಾ ಆಗಬೇಕು. ಇವನು ಯಾವಾಗ ಬಂದಾನು? ಬಂದರೆ ನಿಂತಾನೆಯೇ? ನನ್ನ ಕೆಲಸಗಾರರ ಮಾತು ಇವನಿಗೆ ತಿಳಿದೀತೆ? ಕಾಗದಪತ್ರದ ತಲೆನೋವು ಎಷ್ಟು? ಈ ನಾಲ್ಕು ಸಂಶಯಗಳನ್ನು ಅವನು ನಮ್ಮನ್ನು ಕೇಳುವುದಿಲ್ಲ. ಮನಸ್ಸಿನಲ್ಲಿಯೇ ಕೇಳಿಕೊಂಡು ಮೊದಲನೆಯವನಿಗೆ ಕಾಗದ ಬರೆಯುತ್ತಾನೆ. ಆದುದರಿಂದ ಕೇಳದ ಪ್ರಶ್ನೆಗೂ ನಾವು ಉತ್ತರ ಹೇಳಬೇಕು. ‘ನನ್ನ ಪದವಿಗೆ ಮನ್ನಣೆ ಆಗಿದೆ, ಪ್ರತಿ ಲಗತ್ತಿಸಿದೆ. ಮೂರನೆಯ ಮೆಟ್ಟಿಲಿನ ಜರ್ಮನ್ ಪರೀಕ್ಷೆ ಮುಗಿದಿದೆ. ಇಲ್ಲಿನ ನೋಟೀಸಿನ ಅವಧಿ ಇಷ್ಟು.’ ಮಾಲೀಕನೇ ಅಲ್ಲಿನ ಕಚೇರಿಗೆ ೪೧೧ ಯೂರೋ ಕಟ್ಟಿ ಕಾಗದಪತ್ರವನ್ನು ಬೇಗ ನಡೆಸುವ ಒಂದು ತ್ವರಿತ ಕ್ರಮವೂ ಇದೆ. ಸಣ್ಣ ಊರಿನ ಮಾಲೀಕನಿಗೆ ಇದು ತಿಳಿಯದಿರಬಹುದು. ಅರ್ಜಿದಾರನೇ ನಯವಾಗಿ ತಿಳಿಸಿದರೆ ಅರ್ಧ ಭಯ ಹೋಗುತ್ತದೆ. ಒಂದೇ ಅರ್ಜಿಯನ್ನು ಇನ್ನೂರು ಕಡೆಗೆ ಕಳಿಸುವುದಕ್ಕಿಂತ, ಹೀಗೆ ವಿಚಾರಿಸಿ ಬರೆದ ಇಪ್ಪತ್ತು ಅರ್ಜಿ ಹೆಚ್ಚು ದೂರ ಹೋಗುತ್ತವೆ.

ಇಷ್ಟು ಮಾಡಿಯೂ ನಕಾರ ಬರುವುದುಂಟು, ಬಹಳ ಬರುವುದುಂಟು. ಅದರಲ್ಲಿ ಕೆಲವು ಹೆಸರನ್ನು ನೋಡಿ, ಮೈಬಣ್ಣವನ್ನು ನೋಡಿ ಬಂದವು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹುಟ್ಟು, ಮತ, ಲಿಂಗ, ವಯಸ್ಸುಗಳ ಮೇಲೆ ಭೇದ ಮಾಡಕೂಡದೆಂದು ೨೦೦೬ರಲ್ಲಿ ಜರ್ಮನಿ ಕಾನೂನು ಮಾಡಿತು. ಅರ್ಜಿಯೊಡನೆ ಭಾವಚಿತ್ರ ಕಳಿಸಲೇಬೇಕೆಂಬ ಒತ್ತಾಯವಿಲ್ಲ. ಆದರೆ ಕಾನೂನು ಕಚೇರಿಯವರೆಗೆ ಹೋಗಬಲ್ಲುದು, ಮನಸ್ಸಿನೊಳಕ್ಕೆ ಹೋಗುವುದು ನಿಧಾನ. ನಕಾರವೆಲ್ಲ ತನ್ನ ಅಯೋಗ್ಯತೆಯೆಂದು ಕುಗ್ಗುವುದೂ ಬೇಡ, ಎಲ್ಲವೂ ಅವರ ದ್ವೇಷವೆಂದು ಕುದಿಯುವುದೂ ಬೇಡ. ನಮ್ಮ ಕೈಲಿರುವ ಭಾಗವನ್ನು ತಿದ್ದಿಕೊಂಡು ಮುಂದಿನ ಅರ್ಜಿಯನ್ನು ಬರೆಯಬೇಕು.

ಕೊನೆಯದಾಗಿ ಮನೆಯ ಹಿರಿಯರಿಗೆ ಎರಡು ಮಾತು. ಮೊದಲನೆಯದು ದಲ್ಲಾಳಿಗಳ ವಿಷಯ. ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವವರು ೧೯೮೩ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರು ತೆಗೆದುಕೊಳ್ಳುವ ಶುಲ್ಕಕ್ಕೂ ಮಿತಿಯುಂಟು. ‘ಐದು ಲಕ್ಷ ಕೊಡಿ, ಕೆಲಸ ಖಾತರಿ’ ಎನ್ನುವವನನ್ನು ನೋಂದಣಿಯ ಸಂಖ್ಯೆ ಕೇಳಿ. ಮಾತಿನ ಧಾಟಿ ಬದಲಾಗುವುದನ್ನು ನೋಡುವಿರಿ. ನಿಜವಾಗಿ ದಾದಿಯರು ಬೇಕಾದ ಆಸ್ಪತ್ರೆಗಳು ತಾವೇ ಖರ್ಚು ವಹಿಸುತ್ತವೆ. ಕೇರಳ ಸರ್ಕಾರದ ನೋರ್ಕಾ ಸಂಸ್ಥೆ ೨೦೨೧ರಲ್ಲಿ ಜರ್ಮನ್ ಸರ್ಕಾರದ ಉದ್ಯೋಗ ಇಲಾಖೆಯೊಡನೆ ಮಾಡಿಕೊಂಡ ‘ಟ್ರಿಪಲ್ ವಿನ್’ ಏರ್ಪಾಡು ಇಂಥದು. ಕೆಲಸ ಬೇಕಾದವರಿಂದಲೇ ಹಣ ಕೇಳುವ ಕಡೆ ನಿಂತು ಯೋಚಿಸಿ.

ಎರಡನೆಯದು ಇನ್ನೂ ಸಣ್ಣ ಮಾತು. ಮಗ ಅಲ್ಲಿಗೆ ಹೋಗಿ ಕೆಲಸ ಹುಡುಕುತ್ತಿದ್ದರೆ, ಪ್ರತಿ ಭಾನುವಾರ ಫೋನಿನಲ್ಲಿ ‘ಸಿಕ್ಕಿತೇನಪ್ಪಾ?’ ಎಂದು ಕೇಳಬೇಡಿ. ಸಿಕ್ಕಿದ ದಿನ ಅವನು ನಿಮಗೆ ಹೇಳದೆ ಊಟ ಮಾಡುವುದಿಲ್ಲ. ಸಿಗದ ವಾರಗಳಲ್ಲಿ ಆ ಪ್ರಶ್ನೆಗೆ ಹೆದರಿಯೇ ಎಷ್ಟೋ ಮಕ್ಕಳು ಮನೆಗೆ ಮಾತನಾಡುವುದನ್ನು ಬಿಡುತ್ತಾರೆ. ಸಿಕ್ಕದ ಕೆಲಸವನ್ನು ಸಿಕ್ಕಿತೆನ್ನುತ್ತಾರೆ. ‘ಊಟವಾಯಿತೆ? ಅಲ್ಲಿ ಚಳಿ ಎಷ್ಟು?’ ಎಂದು ಕೇಳಿ. ಕೆಲಸ ಸಿಕ್ಕಿದ ಮೇಲೂ ಮೊದಲ ಆರು ತಿಂಗಳ ತನಕ ಪರೀಕ್ಷಾ ಅವಧಿ ಇರುತ್ತದೆ, ಅದರೊಳಗೆ ಎರಡೇ ವಾರದ ನೋಟೀಸಿನಲ್ಲಿ ಬಿಡಿಸಬಹುದು ಎಂಬುದನ್ನು ನೆನಪಿಡಿ. ಆ ಆರು ತಿಂಗಳು ಕಳೆಯುವ ತನಕ ಮಗನ ಸಂಬಳದ ಮೇಲೆ ಊರಿನಲ್ಲಿ ಮಹಡಿ ಕಟ್ಟಲು ಹೊರಡಬೇಡಿ.

ಹೊರಡಲು ಮನಸ್ಸು ಮಾಡಿರುವ ಯುವಕ ಯುವತಿಯರು ಈ ವಾರವೇ ತೊಡಗಬಹುದಾದ ಕೆಲಸಗಳು ಇವು: ಪಟ್ಟಿಯಲ್ಲಿ ಪದವಿಯನ್ನು ನೋಡುವುದು, ಭಾಷೆಯ ಮೊದಲ ಪಾಠಕ್ಕೆ ಸೇರುವುದು, ಮೇಲಧಿಕಾರಿಯಿಂದ ಒಂದು ಪುಟದ ಪತ್ರ ಬರೆಸಿಕೊಳ್ಳುವುದು. ಮೂರಕ್ಕೂ ವೀಸಾ ಬೇಡ, ದಲ್ಲಾಳಿ ಬೇಡ. ಕಾರಣಾಂತರದಿಂದ ಹೋಗಲಾಗದೆ ಇಲ್ಲಿಯೇ ಉಳಿದರೂ ಈ ಮೂರರಲ್ಲಿ ಯಾವುದೂ ನಷ್ಟವಾಗುವುದಿಲ್ಲ. ಹೋಗುವವರಿಗೆ ದಾರಿ ಸುಗಮವಾಗಲಿ.